ನಡುವಿನಿಂದ ತೆಗೆದ ಹಿಡಿ ಹತ್ತಿ

ಉಪ್ಪಿಟ್ಟನ್ನು ಬೆರಳಲ್ಲಿ ಹಿಂಡಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಾಯಿಗೆ ಹಾಕಿಕೊಳ್ಳುವ ಮನುಷ್ಯನೆಂದರೆ ನಾನು ಕಂಡದ್ದು ಅವರೊಬ್ಬರನ್ನೇ. ಮದುವೆಯಾಗಿ ಆದೋನಿಗೆ ಬಂದ ಹೊಸತು. ಎದುರು ಮನೆಯ ಹಿರಿಯರೆಂದು ಒಂದು ತಟ್ಟೆ ಉಪ್ಪಿಟ್ಟು ಕೊಟ್ಟು ಬರಲು ಹೋಗಿದ್ದೆ. ಅವರು ಮೇಲಿನದನ್ನು ಪಕ್ಕಕ್ಕೆ ಸರಿಸಿ, ನಡುವಿನಿಂದ ಒಂದು ಚಿಟಿಕೆ ತೆಗೆದು ಉಜ್ಜಿ ನೋಡಿದರು.

"ರವಾ ಹುರಿಯೋದು ಸ್ವಲ್ಪ ಅವಸರ ಆಗೇತವ್ವಾ," ಎಂದರು. ಆಮೇಲೆ ನುಂಗಿ, "ಪರವಾಗಿಲ್ಲ," ಎಂದರು.

ಅಳುಮುಖ ಮಾಡಿಕೊಂಡು ಮನೆಗೆ ಬಂದೆ. ನಮ್ಮವರು ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕರು.

"ತಾತ ಪರವಾಗಿಲ್ಲ ಅಂದನೇನು? ಅದರ ಮ್ಯಾಲಿನ ಗ್ರೇಡ್ ಆತನ ಹತ್ರ ಇಲ್ಲೇ ಇಲ್ಲ. ನಾನು ಹೊಲಿದ ಅಂಗಿಗೆ ಇಲ್ಲಿತನಕ ‘ನಡೀತೈತಿ’ಕ್ಕಿಂತ ಮ್ಯಾಲೆ ಹೋಗಿಲ್ಲ."

ಆ ತಾತ ಹತ್ತಿ ನೋಡುವವರು. ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ, ಆಮೇಲೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ, ತಲೆ ನರೆಯುವ ತನಕ ಅದೇ ಕೆಲಸ. ರಾಶಿಯೊಳಗೆ ಮೊಣಕೈ ತನಕ ಕೈ ಇಳಿಸಿ ಒಂದು ಹಿಡಿ ಹತ್ತಿ ತೆಗೆಯುವುದು. ಎರಡು ಹೆಬ್ಬೆರಳುಗಳ ನಡುವೆ ಅದನ್ನು ಎಳೆದು ಎಳೆದು ಎಳೆಗಳನ್ನು ಸಾಲಾಗಿಸುವುದು. ಕಪ್ಪು ಬಟ್ಟೆಯ ಮೇಲಿಟ್ಟು ಉದ್ದ ನೋಡುವುದು, ಉತ್ತರದ ಬೆಳಕಿಗೆ ಹಿಡಿದು ಬಣ್ಣ ನೋಡುವುದು. ಅವರು ಹೇಳಿದ ದರ್ಜೆಯ ಮೇಲೆ ಧಾರಣೆ ನಿಲ್ಲುತ್ತಿತ್ತು. ಕೆಲಸ ಬಿಟ್ಟ ಮೇಲೂ ಆ ಬೆರಳುಗಳು ಸುಮ್ಮನೆ ಕೂರಲಿಲ್ಲ. ತರಕಾರಿ ಗಾಡಿಯಲ್ಲಿ ಮೆಂತ್ಯದ ಕಟ್ಟನ್ನು ಬಿಚ್ಚಿ ಒಳಗಿನ ಎಲೆ ನೋಡುತ್ತಿದ್ದರು. ಮದುವೆ ಮನೆಗಳಲ್ಲಿ ಹೂವಿನ ಹಾರವನ್ನು ಹಿಂದಿನಿಂದ ತಿರುಗಿಸಿ ನೋಡುತ್ತಿದ್ದರು. ಓಣಿಯೆಲ್ಲ ಅವರನ್ನು ಸ್ಯಾಂಪಲ್ ತಾತ ಎನ್ನುತ್ತಿತ್ತು. ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತು ಆಡಿದರೆ ಸಂಶಯಪಡುತ್ತಿದ್ದ ಮನುಷ್ಯ ಅವರು.

"ಮೇಲಿಂದು ಮಾಲಕ ತೋರಸೋದು, ನಡುವಿಂದು ಹತ್ತಿ ತೋರಸೋದು." ಇದು ಅವರ ಮಾತು. ಮೊದಲು ಕೇಳಿದಾಗ ಹತ್ತಿಯ ವಿಷಯವೆಂದೇ ತಿಳಿದಿದ್ದೆ.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಮನೆಯ ಕಟ್ಟೆ ಉತ್ತರಕ್ಕೆ ಮುಖ ಮಾಡಿದ್ದು. ಬೆಳಗಿನ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ ಎಂದು ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಈಗಲೂ ಬಾಗಿಲು ತೆಗೆದ ಕೂಡಲೇ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಅವರಿಂದ ನಮಗೆ ಆದದ್ದನ್ನು ಬರೆದಿಡಬೇಕು ಅನ್ನಿಸಿತು. ನಾನು ಆಲೂರಿನಲ್ಲಿ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ತಿಳಿದಷ್ಟು ಬರೆಯುತ್ತೇನೆ.

ನಮ್ಮವರು ದರ್ಜಿ. ಜಾಕೀಟು, ಅಂಗಿ, ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಗುಂಡಿ, ಹುಕ್ಕು, ಅಂಚಿನ ಕೆಲಸ ನನ್ನದು. ಸಣ್ಣವರಿದ್ದಾಗಿನಿಂದ ಅವರಿಗೆ ಸಂಜೆಯಾದರೆ ಕಣ್ಣು ಮಸಕು. ಅವರ ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವರು. ಆ ಮನೆತನದಲ್ಲಿ ಇನ್ನೂ ಒಬ್ಬಿಬ್ಬರಿಗೆ ಹೀಗೇ ಇತ್ತಂತೆ. ವಯಸ್ಸಾದಂತೆ ಮಸಕು ಸಂಜೆಗೆ ನಿಲ್ಲಲಿಲ್ಲ. ಎದುರಿಗಿರುವುದು ಚೆನ್ನಾಗಿ ಕಾಣುತ್ತಿತ್ತು. ಪಕ್ಕದ್ದು, ಕೆಳಗಿನದು, ಒಂದೊಂದಾಗಿ ಇಲ್ಲವಾಗುತ್ತ ಬಂತು. ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಹಾಕುವವರು ಮಗ್ಗುಲಲ್ಲೇ ನಿಂತ ಗಿರಾಕಿಯನ್ನು ನೋಡುತ್ತಿರಲಿಲ್ಲ. ಗಿರಾಕಿ ಕಾದು ಕಾದು, "ಏನ್ ಸೊಕ್ಕಪ್ಪಾ ಈ ಟೈಲರ್‌ಗೆ," ಎಂದು ಹೋಗುತ್ತಿದ್ದ. ಸಂಜೆ ಬಜಾರಿನಿಂದ ಬರುವಾಗ ಯಾರ ಮೈಗಾದರೂ ತಗುಲಿದರೆ, ಚರಂಡಿಗೆ ಕಾಲಿಟ್ಟರೆ, ಕುಡಿದಿದ್ದಾನೆ ಎಂದಾಗುತ್ತಿತ್ತು. ಜೀವಮಾನದಲ್ಲಿ ಹೆಂಡದ ಅಂಗಡಿಯ ಮೆಟ್ಟಿಲು ಹತ್ತದವರು ಅವರು.

ನಾನು ನನ್ನದೇ ಒಂದು ಉಪಾಯ ಮಾಡಿಕೊಂಡಿದ್ದೆ. ಹೊರಗೆ ಹೋದಾಗ ಅವರ ಪಕ್ಕಕ್ಕೆ ಅರ್ಧ ಹೆಜ್ಜೆ ಮುಂದೆ ನಡೆಯುವುದು. ಮೆಟ್ಟಿಲು ಹತ್ತಬೇಕಾದರೆ ಬಳೆಯನ್ನು ಒಮ್ಮೆ ಝಲ್ಲೆನ್ನಿಸುವುದು. ಇಳಿಯಬೇಕಾದರೆ ಎರಡು ಸಲ. ಎದುರಿಗೆ ಯಾರಾದರೂ ಬಂದರೆ ಸೆರಗು ಸರಿಮಾಡಿದಂತೆ ಮಾಡಿ ಮೊಣಕೈಯಿಂದ ಮುಟ್ಟುವುದು. ನಾವು ಈ ಬಗ್ಗೆ ಒಂದು ದಿನವೂ ಮಾತಾಡಿಕೊಂಡಿರಲಿಲ್ಲ. ತಾನಾಗಿ ಬಂದು ಕೂತ ರೂಢಿ ಅದು. ಗಾಜಿನ ಬಳೆ ಒಡೆದರೆ ಅಂದೇ ಹೊಸದು ಹಾಕಿಸಿಕೊಳ್ಳುತ್ತಿದ್ದೆ. ಹಾಲಿನಾಕಿ ನನಗೆ ಅಲಂಕಾರದ ಹುಚ್ಚೆಂದು ಹೇಳಿಕೊಂಡು ತಿರುಗುತ್ತಿದ್ದಳು. ಓಣಿಗೆಲ್ಲ ಹಾಲು ಹಾಕುತ್ತಿದ್ದವಳು, ಹಾಲಿನ ಜೊತೆ ಸುದ್ದಿಯನ್ನೂ ಅಳೆಯುತ್ತಿದ್ದವಳು ಅವಳು.

ಒಂದು ದಿನ ತಾತ ಅಂಗಿಯ ಬಟ್ಟೆ ತಂದರು. ಯಂತ್ರದ ಮಗ್ಗುಲಿಂದ ಬಟ್ಟೆ ಚಾಚಿದರು. ನಮ್ಮವರು ತೆಗೆದುಕೊಳ್ಳಲಿಲ್ಲ. ಬೇರೆಯವರಾಗಿದ್ದರೆ ಬೈಯುತ್ತಿದ್ದರು. ತಾತ ಬಟ್ಟೆ ಹಿಡಿದ ಕೈಯನ್ನು ನಮ್ಮವರ ಕಿವಿಯ ಹತ್ತಿರದಿಂದ ನಿಧಾನವಾಗಿ ಮೂಗಿನ ಕಡೆ ತಂದರು. ಮೂಗಿನ ಎದುರಿಗೆ ಬರುವ ಹೊತ್ತಿಗೆ ನಮ್ಮವರು ಬೆಚ್ಚಿ, "ಓ ತಾತಾ, ಯಾವಾಗ ಬಂದಿ?" ಎಂದರು. ತಾತ ಇನ್ನೊಂದು ಕಡೆಯಿಂದಲೂ ಹಾಗೇ ಮಾಡಿದರು.

"ಏನವ್ವಾ," ಎಂದು ನನ್ನ ಕಡೆ ತಿರುಗಿದರು. "ಈತ ಬಾಗಿಲ ಕಿಂಡ್ಯಾಗಿಂದ ನೋಡಾಕತ್ತಾನ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಯಾರೂ ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಅವರೇ ಬೆನ್ನುಹತ್ತಿ ನಮ್ಮನ್ನು ಕರ್ನೂಲಿನ ಕಣ್ಣಿನ ವೈದ್ಯರ ಹತ್ತಿರ ಕಳಿಸಿದರು. ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಕಣ್ಣಿನ ಒಳಪರದೆ ಅಂಚಿನಿಂದ ಸೊರಗುತ್ತ ಬರುತ್ತದೆ, ಇದಕ್ಕೆ ಔಷಧಿಯಿಲ್ಲ ಎಂದರು. ಮರಳಿ ಬಂದ ದಿನ ತಾತ ಕಟ್ಟೆಯ ಮೇಲೆ ಜಾಗ ಕೊಟ್ಟು ಕೂಡಿಸಿ, "ಸರ್ಕಾರದ ಸರ್ಟಿಫಿಕೇಟ್ ಮಾಡಸು. ಪಿಂಚಣಿ ಬರ್ತೈತಿ, ಬಸ್ ಪಾಸ್ ಬರ್ತೈತಿ," ಎಂದರು.

ನಮ್ಮವರಿಗೆ ಸಿಟ್ಟು ಬಂತು. "ನಾನೇನು ಕುರುಡನಾ ತಾತಾ? ಸೂಜಿಗೆ ದಾರ ಹಾಕ್ತೀನಿ, ನಿನ್ನ ಅಂಗಿ ಕಾಲರ್ ಹೊಲಿತೀನಿ."

"ಕುರುಡ ಅಂತ ಬರೆಯಂಗಿಲ್ಲೋ. ಎಷ್ಟೈತಿ, ಎಷ್ಟಿಲ್ಲ ಅಂತ ಬರೀತಾರ. ಗ್ರೇಡ್ ಅಂತೇ. ಗ್ರೇಡ್ ಹಾಕಿದ್ರ ಹತ್ತಿಗೆ ಅವಮಾನ ಆಗ್ತೈತೇನು?"

ನಮ್ಮವರು ಮರುದಿನ ವಾರ್ಡ್ ಸಚಿವಾಲಯವೆಂಬ ನಮ್ಮ ಭಾಗದ ಸರ್ಕಾರಿ ಕಚೇರಿಗೆ ಹೋಗಿ ವೈದ್ಯರ ಪರೀಕ್ಷೆಯ ಕ್ಯಾಂಪಿಗೆ ಹೆಸರು ಹಚ್ಚಿಸಿ ಬಂದರು. ನೂರಕ್ಕೆ ನಲವತ್ತಾದರೂ ವೈಕಲ್ಯ ಇದೆಯೆಂದು ಡಾಕ್ಟರು ಬರೆಯಬೇಕು, ಕಡಿಮೆಯಾದರೆ ಪಿಂಚಣಿ ಇಲ್ಲ ಎಂದು ಅಲ್ಲಿನವರು ಹೇಳಿದರಂತೆ.

ಕ್ಯಾಂಪಿನ ದಿನ ನಾವು ಮಾಡಿದ್ದನ್ನು ನಮ್ಮ ಕಡೆಯ ಯಾರೇ ಆಗಿದ್ದರೂ ಮಾಡುತ್ತಿದ್ದರು. ಸರ್ಕಾರಿ ಡಾಕ್ಟರ ಎದುರು ಹೋಗುವುದೆಂದರೆ ಹಬ್ಬಕ್ಕೆ ಹೋದ ಹಾಗೆ. ತಲೆಗೆ ಸ್ನಾನ ಮಾಡಿಸಿದೆ. ಇಸ್ತ್ರಿ ಅಂಗಿ ಹಾಕಿಸಿದೆ. ಹಣೆಗೆ ವಿಭೂತಿ ಇಟ್ಟುಕೊಂಡರು. ಆಸ್ಪತ್ರೆಯ ಬಾಗಿಲಲ್ಲಿ ಎಡವಿ ಬಿದ್ದರೆ ಮರ್ಯಾದೆ ಹೋದೀತೆಂದು ನಾನು ಬಳೆಯ ಮೇಲೆ ಬಳೆ ಸದ್ದು ಮಾಡುತ್ತ ಕರೆದೊಯ್ದೆ. ನೀರಿನ ಬಕೀಟು, ಸಾಲಿನ ಕುರ್ಚಿಗಳು, ಹೊಸಿಲು, ಯಾವುದಕ್ಕೂ ತಗುಲದೆ ಮಹಾರಾಜನ ಹಾಗೆ ನಡೆದು ಹೋಗಿ ಡಾಕ್ಟರಮ್ಮನ ಎದುರು ಕೂತರು.

"ಎಲಾ ಉನ್ನಾರು?" ಹೇಗಿದ್ದೀರಿ ಎಂದು ಆಕೆ ತೆಲುಗಿನಲ್ಲಿ ಕೇಳಿದರು.

"ಆರಾಮ ಅದೀನ್ರಿ ಮೇಡಂ," ಎಂದರು ನಮ್ಮವರು. ನಮ್ಮಲ್ಲಿ ಕೇಳಿದವರಿಗೆಲ್ಲ ಹೇಳುವುದು ಅದೊಂದೇ. ಜ್ವರದಲ್ಲಿ ಮಲಗಿದವರೂ ಅದನ್ನೇ ಹೇಳುತ್ತಾರೆ.

ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಸಾಲಿನವರೆಗೆ, ಶಾಲೆಯಲ್ಲಿ ಬಹುಮಾನ ಕೊಡುವಾಗ ಓದಿದ ಹಾಗೆ, ಗಟ್ಟಿಯಾಗಿ ಓದಿದರು. ನಾನು ಹಿಂದೆ ನಿಂತು ಖುಷಿಪಟ್ಟೆ. ನಮ್ಮ ಹಿಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಆಕೆ ಕಂಡದ್ದನ್ನು ಬರೆದರು. ಸರ್ಟಿಫಿಕೇಟು ಬಂದಾಗ ನಲವತ್ತರ ಹತ್ತಿರಕ್ಕೂ ಬಂದಿರಲಿಲ್ಲ.

ಸುದ್ದಿ ಓಣಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. "ಸೂಜಿಗೆ ದಾರ ಹಾಕೋ ಕುರುಡ ಬಂದ ನೋಡ್ರೀ," ಎಂದು ಹಾಲಿನಾಕಿ ಚರಿಗೆ ತೊಳೆಯುತ್ತ ಹೇಳಿದಳು. "ಸರ್ಕಾರಕ್ಕ ಟೋಪಿ ಹಾಕಾಕ ಹೋಗಿದ್ದ. ಸರ್ಕಾರಕ್ಕೂ ಕಣ್ಣು ಅದಾವ ಅಲ್ಲೇನು!"

ಪಿಂಚಣಿ ಹೋದದ್ದಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ಇಷ್ಟು ದಿನ ಸೊಕ್ಕಿನವ, ಕುಡುಕ ಎನ್ನುತ್ತಿದ್ದರು. ಈಗ ಕಳ್ಳ ಎಂಬುದೂ ಸೇರಿತು. ನಮ್ಮವರು ಸಂಜೆ ಹೊರಗೆ ಹೋಗುವುದನ್ನೇ ಬಿಟ್ಟರು.

ತಾತನಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಯಾರೂ ತಿಳಿಯಬಾರದು. ಅವರೂ ನಮ್ಮ ಹಾಗೇ ತಪ್ಪು ಬಾಗಿಲು ಬಡಿದರು. ಸೋಮವಾರ ಸೋಮವಾರ ಅಧಿಕಾರಿಗಳು ಅಹವಾಲು ಕೇಳುತ್ತಾರಲ್ಲ, ಅಲ್ಲಿಗೆ ಕೊಡಲು ತಮ್ಮ ಹಳೆಯ ಗ್ರಾಂಥಿಕ ತೆಲುಗಿನಲ್ಲಿ ಒಂದು ಅರ್ಜಿ ಬರೆದರು. ಅದರಲ್ಲಿ ಸೂರ್ಯಚಂದ್ರರೂ ಇದ್ದರು, ಧರ್ಮದೇವತೆಯೂ ಇದ್ದಳು. ಕಾಯಿಲೆಯ ಹೆಸರು ಮಾತ್ರ ಇರಲಿಲ್ಲ. ಅಲ್ಲಿದ್ದ ಗುಮಾಸ್ತ ಓದಿ, "ತಾತಾ, ಇದು ಅರ್ಜಿನಾ, ಹರಿಕಥಿನಾ?" ಎಂದನಂತೆ. ಸರ್ಟಿಫಿಕೇಟು ಡಾಕ್ಟರ ಕೆಲಸ, ಒಪ್ಪಿಗೆಯಿಲ್ಲದಿದ್ದರೆ ಮತ್ತೆ ಪರೀಕ್ಷೆಗೆ ಕೇಳಿಕೊಳ್ಳಿ ಎಂದು ಆತನೇ ದಾರಿ ತೋರಿಸಿದ. ತಾತ ಅದನ್ನು ಮುಚ್ಚಿಡದೆ ನಮಗೆ ಹೇಳಿ, ಕೆಮ್ಮು ಬರುವ ತನಕ ನಕ್ಕರು. ಹತ್ತಿಯ ಧೂಳು ಕುಡಿದ ಎದೆ ಅದು. ನಗು ಬಂದರೆ ಹಿಂದೆಯೇ ಕೆಮ್ಮು ಬರುತ್ತಿತ್ತು.

ಇಷ್ಟರಲ್ಲಿ ದುಡ್ಡಿಗೆ ಸರ್ಟಿಫಿಕೇಟು ಮಾಡಿಸಿಕೊಡುವ ಒಬ್ಬ ಮಧ್ಯವರ್ತಿ ನಮ್ಮ ಮನೆಗೆ ಬಂದ. ಕಪ್ಪು ಕನ್ನಡಕ ತಾನೇ ಕೊಡುತ್ತಾನಂತೆ. ಮೊದಲನೆಯ ಸಾಲಿನಲ್ಲೇ ತಡವರಿಸಬೇಕಂತೆ, ಕುರ್ಚಿಯನ್ನು ಕೈಯಲ್ಲಿ ಸವರಿ ಹುಡುಕಬೇಕಂತೆ. "ಅಣ್ಣಾ, ನಿನಗ ಹೆಂಗೂ ರೋಗ ಐತಿ. ಸ್ವಲ್ಪ ಆಕ್ಟಿಂಗ್ ಮಾಡಿದ್ರ ಏನ್ ಪಾಪ?" ಎಂದ. ನಮ್ಮವರು ನನ್ನ ಮುಖ ನೋಡಿದರು. ಒಪ್ಪಿಬಿಡುತ್ತಿದ್ದೆವೋ ಏನೋ. ತಾತ ಕಟ್ಟೆಯಿಂದ ಎದ್ದು ಬಂದರು.

"ಹತ್ತಿಗೆ ನೀರು ಹೊಡಿಯಾಕ ಬಂದಿ ಏನಲೇ?" ಎಂದರು. ತೂಕ ಬರಲೆಂದು ರಾಶಿಗೆ ನೀರು ಚಿಮುಕಿಸುವವರನ್ನು ಅವರು ಯಾರ್ಡಿನಲ್ಲಿ ಜೀವಮಾನವೆಲ್ಲ ಹಿಡಿದವರು. "ನೀರು ಹೊಡದ ಹತ್ತಿ ಮೊದಲ ದಿನ ಭಾರ ಬರ್ತೈತಿ. ಆಮ್ಯಾಲೆ ಒಳಗ ಬಿಸಿಯಾಗಿ ಕೊಳೀತೈತಿ. ಈತಂದು ಒಣಾ ಹತ್ತಿ ಐತಿ. ಇದ್ದದ್ದನ್ನ ತೂಗಿದ್ರ ಸಾಕು. ನಡಿ!"

ಅವನು ಹೋದ ಮೇಲೆ ನಮ್ಮವರ ಕಡೆ ತಿರುಗಿದರು. "ನೀನೂ ತಪ್ಪು ಮಾಡಿದಿ. ಕಂಡದ್ದೆಲ್ಲಾ ಓದಿದಿ. ಕಾಣದ್ದು ಯಾರು ಹೇಳಬೇಕು, ನಾನಾ?"

"ಅವರು ಕೇಳಲಿಲ್ಲ ತಾತಾ."

"ಕೇಳಿದ್ರು. ಹೆಂಗದೀರಿ ಅಂದ್ರು. ಆರಾಮ ಅಂದಿ."

ಅದೇ ವಾರದಲ್ಲಿ ಒಂದು ಸಂಜೆ ಅವರು, "ಬಜಾರಕ್ಕ ಹೋಗಿ ಬರ್ರಿ, ನಾನು ಹಿಂದ ಬರ್ತೀನಿ," ಎಂದರು. ಹೋದೆವು. ಬೆಲ್ಲ ತಂದೆವು, ದಾರದ ಉಂಡೆ ತಂದೆವು. ನಮ್ಮವರು ಎಲ್ಲೂ ಎಡವಲಿಲ್ಲ. ಮನೆಗೆ ಬಂದ ಮೇಲೆ ತಾತ ನನ್ನ ಕೈಯನ್ನೇ ನೋಡುತ್ತ ನಿಂತರು.

"ನಾನು ಇಷ್ಟು ದಿನ ಬರೇ ಈತನ್ನ ನೋಡಿದೆ," ಎಂದರು. "ನಿನ್ನ ಕೈಯಾಗಿನ ಬಳಿ ನೋಡಿದ್ದಿಲ್ಲ. ಡಾಕ್ಟ್ರ ಹತ್ರಾನೂ ಹಿಂಗ ಕರಕೊಂಡು ಹೋಗಿದ್ದೇನು?"

ನಾನು ಹೌದೆಂದು ತಲೆಯಾಡಿಸಿದೆ.

"ಅಲ್ಲವ್ವಾ, ಈತನ ಕಣ್ಣು ಅರ್ಧ ನಿನ್ನ ಕೈಯಾಗ ಅದಾವ. ಅವನ್ನೂ ಒಳಗ ತೊಗೊಂಡು ಹೋದ್ರ ಆ ಡಾಕ್ಟ್ರಮ್ಮಗ ಏನ್ ಕೊರತಿ ಕಾಣಸಬೇಕು?"

ಬೈಗುಳದ ದನಿಯಲ್ಲಿ ಅವರು ಅದನ್ನು ಹೇಳಲಿಲ್ಲ. ಒಳ್ಳೆಯ ಎಳೆ ಸಿಕ್ಕಾಗ ಬೆಳಕಿಗೆ ಹಿಡಿಯುತ್ತಿದ್ದರಲ್ಲ, ಹಾಗೆ ಹೇಳಿದರು. ನನ್ನ ಬಳೆಯ ಸದ್ದಿನಲ್ಲಿ ಅಲಂಕಾರವಲ್ಲದ್ದನ್ನು ಕೇಳಿದ ಮೊದಲನೆಯವರು ಅವರು.

"ಮುಂದಿನ ಸಲ ಬಳಿ ತೆಗದಿಟ್ಟು ಬಾ," ಎಂದರು.

"ತೆಗೆಯಂಗಿಲ್ಲ ತಾತಾ. ಗಂಡ ಇದ್ದಾಕಿ," ಎಂದೆ.

ಅವರು ನಾಲಿಗೆ ಕಚ್ಚಿಕೊಂಡರು. "ಖರೇ. ತಪ್ಪಾತು." ಹೆಗಲ ಮೇಲಿದ್ದ ಟವೆಲ್ಲಿನ ಅಂಚು ಹರಿದು ಒಂದು ಪಟ್ಟಿ ಮಾಡಿ ನನ್ನ ಕೈಗಿತ್ತರು. "ಹಂಗಾದ್ರ ಕಟ್ಟಿಕೊ. ಸಪ್ಪಳ ಆಗಬಾರ್ದು, ಅಷ್ಟ."

ಮರುಪರೀಕ್ಷೆಯ ದಿನ ಅವರೂ ನಮ್ಮ ಜೊತೆ ಬಂದರು. ನಮ್ಮವರಿಗೆ ಇಸ್ತ್ರಿ ಅಂಗಿ ಬೇಡ ಎಂದೇನೂ ಹೇಳಲಿಲ್ಲ. "ಸ್ವಚ್ಛ ಹೋಗು, ವಿಭೂತಿ ಹಚ್ಚಿಕೋ. ಆದ್ರ ಮುಂಜಾನೆ ಎದ್ದಾಗಿಂದ ಮಲಗೋ ತನಕ ಏನೇನ್ ಆಗ್ತೈತಿ ಅದನ್ನ ಹೇಳು. ಹೆಚ್ಚು ಬ್ಯಾಡ. ಕಡಿಮಿ ಬ್ಯಾಡ," ಎಂದರು. ಅದೇ ಡಾಕ್ಟರಮ್ಮ ಇದ್ದರು. ಹೆಸರು ಕರೆದಾಗ ನಾನೂ ಎದ್ದೆ. ಬಳೆಗಳಿಗೆ ಪಟ್ಟಿ ಕಟ್ಟಿಕೊಂಡಿದ್ದೆ. ತಾತ ನನ್ನ ಸೆರಗಿನ ಅಂಚು ಹಿಡಿದು, "ನೀ ಕೂಡು," ಎಂದರು.

ನಮ್ಮವರು ಒಬ್ಬರೇ ಒಳಗೆ ಹೋದರು. ಹೊಸಿಲು ತಗುಲಿದ ಸದ್ದು ಕೇಳಿಸಿತು. ಆಮೇಲೆ ಏನೋ ಕಬ್ಬಿಣದ್ದು ಉರುಳಿತು. "ಅಯ್ಯಯ್ಯೋ, ಸ್ಟೂಲ್ ಸಾರ್," ಎಂದು ಯಾರೋ ಕೂಗಿದರು. ನನ್ನ ಕೈ ತಾನಾಗಿ ಮೇಲೆದ್ದಿತು. ಪಟ್ಟಿ ಕಟ್ಟಿದ ಬಳೆ ಸದ್ದು ಮಾಡಲಿಲ್ಲ. ಇಷ್ಟು ವರ್ಷ ಆಗಗೊಡದೆ ಕಾಯ್ದದ್ದನ್ನು ಗೋಡೆಯಾಚೆ ಆಗಲು ಬಿಟ್ಟು ಕೂತಿದ್ದೆ. ಅಳು ಬಂತು. ತಾತ ನನ್ನ ಕಡೆ ನೋಡದೆ, ಎದುರಿನ ಗೋಡೆಯ ಸುಣ್ಣವನ್ನೇ ನೋಡುತ್ತ ಹೇಳಿದರು:

"ಸುಮ್ಮನ ಕೂಡವ್ವಾ. ಈಗ ಆಕಿ ನಡುವಿಂದ ತೆಗೀಲಿ."

ಒಳಗೆ ಆದದ್ದನ್ನು ನಮ್ಮವರು ಆಮೇಲೆ ಹೇಳಿದರು. ಡಾಕ್ಟರಮ್ಮ ಎದ್ದು ಬಂದು ಅವರ ಮೊಣಕಾಲು ನೋಡಿದರಂತೆ. ರಕ್ತ ಬಂದಿತ್ತು. "ಎಲಾ ಉನ್ನಾರು?" ಎಂದು ಮತ್ತೆ ಕೇಳಿದರಂತೆ. ನಮ್ಮವರ ಬಾಯಿಗೆ ಆರಾಮ ಎಂಬುದೇ ಬಂತಂತೆ. ಅದನ್ನು ನುಂಗಿಕೊಂಡು, ಗಿರಾಕಿಗಳ ಸಿಟ್ಟು, ಚರಂಡಿ, ಕುಡುಕನೆಂಬ ಹೆಸರು, ಸಂಜೆ ಹೊರಗೆ ಹೋಗುವುದು ಬಿಟ್ಟದ್ದು, ಎಲ್ಲ ಹೇಳಿದರಂತೆ. ಸೂಜಿಗೆ ದಾರ ಹಾಕುತ್ತೇನೆ ಎಂಬುದನ್ನೂ ಹೇಳಿದರಂತೆ. ಆಕೆ ತಮ್ಮ ಬೆರಳನ್ನು, ತಾತ ಬಟ್ಟೆ ತಂದ ಹಾಗೆಯೇ, ಪಕ್ಕದಿಂದ ಎದುರಿಗೆ ತಂದು ನೋಡಿದರಂತೆ.

"ಹೋದ ಸಲ ಇದನ್ನು ಯಾಕೆ ಹೇಳಲಿಲ್ಲ?" ಎಂದು ಬಾಗಿಲ ತನಕ ಬಂದು ನನ್ನನ್ನೂ ಕೇಳಿದರು. ಬೇಸರವಿತ್ತು, ಕೋಪವಿರಲಿಲ್ಲ. "ಅಕ್ಷರ ಎಷ್ಟು ಸಣ್ಣದು ಕಾಣುತ್ತದೆ ಎಂಬುದು ಒಂದು ಅಳತೆ, ನೋಟ ಎಷ್ಟು ಅಗಲ ಇದೆ ಎಂಬುದು ಇನ್ನೊಂದು. ಎರಡಕ್ಕೂ ಲೆಕ್ಕವಿದೆ. ಅಗಲ ಅಳೆಯುವ ಯಂತ್ರ ಕರ್ನೂಲಿನಲ್ಲಿದೆ, ಬರೆದುಕೊಡುತ್ತೇನೆ."

ಕರ್ನೂಲಿಗೆ ಹೋದೆವು. ಅಲ್ಲಿ ಯಂತ್ರದೊಳಗೆ ತಲೆಯಿಟ್ಟು, ಮಿಣುಕುವ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಮ್ಮವರು ಬಹಳ ಹೊತ್ತು ಒತ್ತಲೇ ಇಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡಿದ್ದರಂತೆ. ಆ ವರದಿಯ ಮೇಲೆ ಬಂದ ಹೊಸ ಸರ್ಟಿಫಿಕೇಟು ನಲವತ್ತನ್ನು ಚೆನ್ನಾಗಿ ದಾಟಿತ್ತು. ಅಲ್ಲಿಗೂ ಮುಗಿಯಲಿಲ್ಲ. ಪಿಂಚಣಿಗೆ ಮನೆಯ ಸ್ಥಿತಿಗತಿ ಬೇರೆ ನೋಡುತ್ತಾರೆ: ರೇಷನ್ ಕಾರ್ಡು, ಜಮೀನು, ಮನೆಯಲ್ಲಿ ಸರ್ಕಾರಿ ನೌಕರಿ. ಅದೂ ದಾಟಿ ಪಿಂಚಣಿ ಬಂತು. ಸರ್ಟಿಫಿಕೇಟನ್ನು ತಾತನಿಗೆ ತೋರಿಸಲು ಒಯ್ದೆವು. ಉತ್ತರದ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಪರವಾಗಿಲ್ಲ," ಎಂದರು.

ಆಮೇಲೆ ಸರ್ಟಿಫಿಕೇಟಿನ ದಾರಿ ಕೇಳಿಕೊಂಡು ಅವರ ಕಟ್ಟೆಗೆ ಜನ ಬರತೊಡಗಿದರು. ಎಲ್ಲರಿಗೂ ಅವರು ಹೂಂ ಎನ್ನುತ್ತಿರಲಿಲ್ಲ. ಪತ್ತಿಕೊಂಡದ ಕಡೆಯವನೊಬ್ಬ ಪ್ಲಾಸ್ಟರ್ ಹಾಕಿದ ಕೈ ಹಿಡಿದುಕೊಂಡು ಬಂದಿದ್ದ. "ಇದು ಕೂಡಿಕೊಳ್ಳೋ ಎಲುಬು. ವಾಸಿಯಾಗೋದಕ್ಕ ಸರ್ಟಿಫಿಕೇಟ್ ಸಿಗಂಗಿಲ್ಲ, ಹೋಗಿ ಹಾಲು ಕುಡಿ," ಎಂದು ಕಳಿಸಿದರು. ಅವನು ಓಣಿ ದಾಟುವ ತನಕ ಬೈದುಕೊಂಡು ಹೋದ. ನಾಗಲದಿನ್ನೆಯಿಂದ ಒಬ್ಬ ತಾಯಿ ಬುದ್ಧಿ ಬೆಳೆಯದ ಮಗಳನ್ನು ಕರೆತಂದಿದ್ದಳು. ಮದುವೆಯ ವಯಸ್ಸಿನ ಮಗಳು.

"ಎಲ್ಲಾ ತಾನೇ ಮಾಡಿಕೊಂತಾಳ್ರಿ," ಎಂದಳು ಆ ತಾಯಿ ಅಭಿಮಾನದಿಂದ. "ಜಳಕ ಮಾಡ್ತಾಳ, ತಲಿ ಬಾಚಿಕೊಂತಾಳ."

"ಬಾಚಣಿಕಿ ಕೈಗೆ ಯಾರು ಕೊಡ್ತಾರ?"

"ನಾನಾ."

"ನೀರು ಬಿಸಿ ನೋಡೋದು?"

"ನಾನಾ ರಿ."

"ನೀ ಒಂದಿನ ಊರಿಗೆ ಹೋದ್ರ?"

ಆ ತಾಯಿ ಮಗಳ ಜಡೆ ನೋಡುತ್ತ ಕೂತಳು. ತಾತ ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಆಕೆಯ ಪಕ್ಕದಲ್ಲಿ ಕೂತೆ. ಆಮೇಲಿನ ಮಾತು ನನ್ನದಾಯಿತು.

ಇಷ್ಟೆಲ್ಲ ಹೇಳಿಕೊಟ್ಟ ಮನುಷ್ಯ ತಮ್ಮ ವಿಷಯದಲ್ಲಿ ಏನು ಮಾಡಿದರು? ಹೋದ ಚಳಿಗಾಲದಲ್ಲಿ ಎದೆ ಬಹಳ ಕಟ್ಟಿತು. ಎರಡು ಮೆಟ್ಟಿಲು ಹತ್ತಿ ಕೂತು ಉಸಿರು ಹುಡುಕುತ್ತಿದ್ದರು. ನಾವೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದ್ದೇ ತಡ, ಅಂಗಿಯ ಕಾಲರ್ ಸರಿಮಾಡಿಕೊಂಡು, "ಆರಾಮ ಅದೀನ್ರಿ ಸಾರ್," ಎಂದುಬಿಟ್ಟರು.

ನಮ್ಮವರು ಹಿಂದಿನಿಂದ ಹೇಳಿದರು: "ತಾತಾ, ಮೇಲಿಂದು ತೋರಸಬ್ಯಾಡ."

ತಾತ ನಗಲು ಹೋಗಿ ಕೆಮ್ಮಿದರು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆಮೇಲೆ ಡಾಕ್ಟರಿಗೆ ನಿಜ ಹೇಳಿದರು. ಆದರೆ ಹೊತ್ತು ಮೀರಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರ ಮಾತು ನಡೆದಿರಲಿಲ್ಲ. ಸರ್ಟಿಫಿಕೇಟಿನ ಮೇಲೆ ನಮ್ಮವರಿಗೆ ಮಡಚುವ ಬಿಳಿ ಕೋಲು ಸಿಕ್ಕಿತ್ತು. ಅದನ್ನು ಬಾಗಿಲ ಹಿಂದೆ ನಿಲ್ಲಿಸಿದ್ದರು. ಜೊತೆಗೆ ಹೆಂಡತಿ ಇದ್ದಾಳಲ್ಲ, ಕೋಲು ಯಾಕೆ ಎಂಬುದು ಅವರ ಮಾತು. ತಾತ ಬಂದಾಗಲೆಲ್ಲ ಬಾಗಿಲ ಹಿಂದೆ ಇಣುಕಿ, "ಇನ್ನೂ ಗಟ್ಟಿ ಐತೇನು ನೋಡಿದೆ," ಎಂದು ಚುಚ್ಚುತ್ತಿದ್ದರು. "ಆಕಿಗೆ ಒಂದು ದಿನ ಜ್ವರ ಬಂದ್ರ ಏನ್ ಮಾಡ್ತಿ?" ಎಂದೂ ಕೇಳುತ್ತಿದ್ದರು. ನಮ್ಮವರು ಯಂತ್ರ ಜೋರಾಗಿ ತುಳಿಯುತ್ತಿದ್ದರು.

ತಾತ ತೀರಿಕೊಂಡ ದಿನ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ. ಕೈಗಳು ತೊಡೆಯ ಮೇಲಿದ್ದವು. ಬೆರಳು ಉಜ್ಜದೆ ಸುಮ್ಮನಿರುವುದನ್ನು ಅಂದೇ ಕಂಡೆ. ಭಜನೆಯವರು ಬಂದರು. ಮಧ್ಯಾಹ್ನ ಕಳೆದು ಮಣ್ಣಿಗೆ ಒಯ್ಯುವ ವಿಮಾನ ಕಟ್ಟಿ ಅವರನ್ನು ಕೂಡಿಸಿದರು. ಓಣಿಯ ತುಂಬ ಜನ. ಗಂಡಸರು ಹೊರಟರು. ನಮ್ಮ ಮನೆತನದಲ್ಲಿ ಸಾವಿನ ಮೆರವಣಿಗೆಯ ಹಿಂದೆ ಹೆಂಗಸರು ಓಣಿಯ ತುದಿ ದಾಟುವುದಿಲ್ಲ. ಆ ನೂಕುನುಗ್ಗಲಿನಲ್ಲಿ ನಮ್ಮವರು ಹೇಗೆ ಹೋಗುತ್ತಾರೆ ಎಂದು ನಾನು ಹುಡುಕುತ್ತಿದ್ದೆ.

ಅವರು ನಮ್ಮ ಮನೆಯೊಳಗಿಂದ ಹೊರಗೆ ಬಂದರು. ಕೈಯಲ್ಲಿ ಕೋಲು. ಮಡಿಕೆ ಬಿಚ್ಚುವುದು ರೂಢಿಯಿಲ್ಲದೆ ಎರಡು ಸಲ ತಪ್ಪಿ, ಮೂರನೆಯ ಸಲ ಕಟಕ್ಕೆಂದು ನೆಟ್ಟಗಾಯಿತು. ಹೊಸಿಲ ಮೇಲೆ ತಟ್ಟಿ ನೋಡಿದರು. ಮೆಟ್ಟಿಲ ಮೇಲೆ ತಟ್ಟಿದರು. ಇಳಿದರು. ಜನ ತಿರುಗಿ ನೋಡಿತು. ಯಾರಾದರೂ ಮಾತಾಡುವ ಮೊದಲೇ ಹಾಲಿನಾಕಿ ತನ್ನ ಚರಿಗೆ ಕೆಳಗಿಟ್ಟು ಎರಡೂ ಕೈ ಅಗಲಿಸಿದಳು.

"ದಾರಿ ಬಿಡ್ರೀ," ಎಂದು ಕೂಗಿದಳು. "ಟೈಲರಣ್ಣ ಬರಾಕತ್ತಾನ. ಆತಗ ಮಗ್ಗುಲು ಕಾಣಸಂಗಿಲ್ಲ."

ಆ ದನಿಯಲ್ಲಿ ಕುಹಕವಿರಲಿಲ್ಲ. ನಮ್ಮ ಓಣಿ ನಮ್ಮವರ ಕಣ್ಣಿನ ವಿಷಯವನ್ನು ಇದ್ದ ಹಾಗೆ ಹೇಳಿದ್ದು ಅದೇ ಮೊದಲು. ಜನ ಸರಿದು ದಾರಿಯಾಯಿತು.

ಅವರು ನನ್ನ ಮುಂದಿನಿಂದಲೇ ಹಾದು ಹೋದರು. ನಾನು ಮಗ್ಗುಲಲ್ಲಿ ನಿಂತಿದ್ದೆ, ಕಾಣುವ ಜಾಗದಲ್ಲಿ ಇರಲಿಲ್ಲ. ಓಣಿಯ ತುದಿಯಲ್ಲಿ ಚರಂಡಿಯ ಕಲ್ಲಿದೆ, ಅಲ್ಲಿ ಇಳಿಯಬೇಕು. ಅಂದರೆ ಬಳೆ ಎರಡು ಸಲ. ಕೋಲು ಕಲ್ಲಿನ ಅಂಚಿಗೆ ತಗುಲಿತು, ತಡೆಯಿತು, ಕೆಳಗೆ ಮುಟ್ಟಿ ನೋಡಿತು, ದಾಟಿತು. ವಿಮಾನದ ಹಿಂದೆ, ತಾಳದ ಸದ್ದಿನ ನಡುವೆ, ಆ ತಟ್ ತಟ್ ಎಂಬುದು ಬೇರೆಯಾಗಿ ಕೇಳುವಷ್ಟು ದೂರ ಕೇಳುತ್ತ ನಿಂತೆ. ಅಲ್ಲಿಯ ತನಕ ಬಲಗೈಯಿಂದ ಎಡಗೈಯ ಬಳೆಗಳನ್ನು ಒತ್ತಿ ಹಿಡಿದುಕೊಂಡಿದ್ದೆ, ಒಂದೂ ಅಲುಗದ ಹಾಗೆ.